ಮುಂದಿನ ವಾರದ ಪಟ್ಟಿ

ಊರಿನಿಂದ ನೆಂಟರು ಬಂದರೆ ಅವರಿಗೆ ಪಾರ್ಲಿಮೆಂಟು ತೋರಿಸಿ ಕಳಿಸುವುದು ದಿಲ್ಲಿಯ ಕನ್ನಡ ಸಂಸಾರಗಳಿಗೆ ಬಹಳ ಕಾಲದಿಂದ ಬಂದ ಕರ್ತವ್ಯ. ಕುತುಬ್ ಮಿನಾರು, ಕೆಂಪುಕೋಟೆ, ಆಗ್ರಾಕ್ಕೆ ಒಂದು ದಿನ. ನಡುವೆ ನಾರ್ತ್ ಅವೆನ್ಯೂವಿನಲ್ಲೋ ಸೌತ್ ಅವೆನ್ಯೂವಿನಲ್ಲೋ ಇರುವ ನಮ್ಮ ಕಡೆಯ ಸದಸ್ಯರ ಮನೆಗೆ ಹೋಗಿ ಪಾಸಿಗಾಗಿ ಸಹಿ ಹಾಕಿಸಿಕೊಂಡು ಬರುವುದು. ಗ್ಯಾಲರಿಯಲ್ಲಿ ಕುಳಿತು ಬಂದ ನೆಂಟರು ಸಾಮಾನ್ಯವಾಗಿ ಹೇಳುವ ಮಾತು ಎರಡೇ. ಒಂದು, ಅಲ್ಲಿ ಗಲಾಟೆ ಹೆಚ್ಚು. ಎರಡು, ಅಲ್ಲಿ ಜನ ಕಡಿಮೆ. ಎರಡೂ ಸುಳ್ಳಲ್ಲ. ಆದರೆ ಹೆಚ್ಚು ಗಲಾಟೆಯಿಲ್ಲದೆ, ಹೆಚ್ಚು ಜನವೂ ಇಲ್ಲದೆ, ಅಧಿವೇಶನ ನಡೆಯುವ ದಿನಗಳಲ್ಲಿ ವಾರಕ್ಕೊಮ್ಮೆ ಅಲ್ಲಿ ಒಂದು ಬರಹದ ವಾಚನ ನಡೆಯುತ್ತದೆ. ಅದನ್ನು ಯಾವ ನೆಂಟರೂ ನೆನಪಿಟ್ಟುಕೊಂಡು ಬಂದದ್ದನ್ನು ನಾನು ಕಾಣೆ. ಈ ತಿಂಗಳ ವಿಮರ್ಶೆಗೆ ನಾನು ಆರಿಸಿಕೊಂಡಿರುವ ಕೃತಿ ಅದೇ.

ಈ ಪುಟಗಳಲ್ಲಿ ಕಾದಂಬರಿ, ನಾಟಕ, ಕವನ ಸಂಕಲನಗಳ ವಿಮರ್ಶೆ ಬರುವುದು ರೂಢಿ. ಸರ್ಕಾರಿ ಕಾಗದವೊಂದನ್ನು ವಿಮರ್ಶೆಗೆ ಎತ್ತಿಕೊಂಡದ್ದಕ್ಕೆ ವಾಚಕರು ಹುಬ್ಬೇರಿಸಬಹುದು. ಆದರೆ ನಾವು ಓದಿದ ಯಾವ ಕಾದಂಬರಿಯೂ ನಮ್ಮ ಮನೆಯ ಬಾಡಿಗೆಯನ್ನು, ಮಕ್ಕಳ ನೌಕರಿಯನ್ನು, ಊರಿನ ಜಮೀನನ್ನು ಬದಲಾಯಿಸಿಲ್ಲ. ಈ ಕಾಗದ ಬದಲಾಯಿಸಿದೆ.

ಬರಹದ ಸ್ವರೂಪ ಹೀಗಿದೆ. ಶುಕ್ರವಾರ, ಅಥವಾ ಆ ವಾರದ ಕೊನೆಯ ಬೈಠಕ್ಕಿನ ದಿನ, ಸಂಸದೀಯ ವ್ಯವಹಾರಗಳ ಸಚಿವರು, ಎಷ್ಟೋ ಸಲ ಅವರ ಪರವಾಗಿ ರಾಜ್ಯ ಸಚಿವರು, ಎದ್ದು ನಿಂತು ಅಧ್ಯಕ್ಷರ ಅಪ್ಪಣೆ ಪಡೆದು, ಮುಂದಿನ ವಾರ ಸರ್ಕಾರ ಸದನದ ಮುಂದೆ ತರಲಿರುವ ಕೆಲಸವನ್ನು ಓದುತ್ತಾರೆ. ಮೊದಲನೆಯ ಅಂಶ ಬಹುಮಟ್ಟಿಗೆ ಒಂದೇ: ಈ ದಿನದ ಪಟ್ಟಿಯಲ್ಲಿ ಮುಗಿಯದೆ ಉಳಿದದ್ದು. ಆಮೇಲೆ ಪರಿಶೀಲಿಸಿ ಅಂಗೀಕರಿಸಬೇಕಾದ ವಿಧೇಯಕಗಳ ಹೆಸರುಗಳು. ಹೆಸರುಗಳಷ್ಟೇ. ಒಂದೆರಡು ನಿಮಿಷದಲ್ಲಿ ಓದು ಮುಗಿಯುತ್ತದೆ. ಈ ಖಾತೆ ನಮ್ಮವರ ಕೈಯಲ್ಲೂ ಇತ್ತು: 2016ರಿಂದ 2018ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರು ದಕ್ಷಿಣದ ಅನಂತಕುಮಾರ್, 2019ರಿಂದ 2024ರವರೆಗೆ ಧಾರವಾಡದ ಪ್ರಹ್ಲಾದ ಜೋಶಿ. ಶೈಲಿಯೇನೂ ಬದಲಾಗಲಿಲ್ಲ. ಪಕ್ಷಗಳು ಬದಲಾದರೂ ಬದಲಾಗದ ಶೈಲಿ ಇದು.

ಹೆಸರುಗಳ ಬಗ್ಗೆ ಒಂದು ಮಾತು. ‘ಮಸೂದೆ’ ಎಂಬುದು ಅರಬ್ಬೀ ಮೂಲದಿಂದ ಬಂದ ಶಬ್ದ, ಅರ್ಥ ‘ಕರಡು’. ‘ವಿಧೇಯಕ’ ಸಂಸ್ಕೃತದಿಂದ ಬಂದದ್ದು, ವಿಧಿಸಲು ಹೊರಟದ್ದು ಎಂಬ ಅರ್ಥ. ಆದರೆ ಕಾಗದದ ಕೊನೆಗೆ ‘ಇತಿ ತಮ್ಮ ವಿಧೇಯ’ ಎಂದು ಬರೆದು ಬೆಳೆದ ನಮ್ಮ ಕಿವಿಗೆ ಆ ಶಬ್ದದಲ್ಲಿ ಬೇರೊಂದು ಧ್ವನಿ ಕೇಳಿಸುತ್ತದೆ. ಕರಡು ಎಂದರೆ ತಿದ್ದಲು ಬರುವಂಥದ್ದು. ವಿಧೇಯ ಎಂದರೆ ತಗ್ಗಿ ನಡೆಯುವಂಥದ್ದು. ನಮ್ಮ ಸದನದಲ್ಲಿ ಮಸೂದೆ ಕಡಿಮೆಯಾಗಿ ವಿಧೇಯಕ ಹೆಚ್ಚಾಗಿದೆ ಎಂದರೆ ಶ್ಲೇಷೆಯ ಚಪಲ ಎಂದುಕೊಳ್ಳಬಾರದು. ಮುಂದೆ ಅಂಕಿಗಳನ್ನೂ ಕೊಡುತ್ತೇನೆ.

2023ರಲ್ಲಿ ದಂಡ ಸಂಹಿತೆಗೂ ಅದರ ಎರಡು ಒಡನಾಡಿ ಕಾನೂನುಗಳಿಗೂ ಬದಲಾಗಿ ಬಂದ ವಿಧೇಯಕಗಳಿಗೆ ಇಂಗ್ಲಿಷ್ ಪಠ್ಯದಲ್ಲೂ ‘ಭಾರತೀಯ ನ್ಯಾಯ ಸಂಹಿತಾ’ ಮೊದಲಾದ ಹೆಸರುಗಳನ್ನೇ ಇಟ್ಟಾಗ ತಮಿಳುನಾಡಿನ ಸದಸ್ಯರು ತಕರಾರು ಎತ್ತಿದರು. ನಮಗೆ ಆ ತೊಂದರೆ ಅಷ್ಟಾಗಿ ಇಲ್ಲ. ನ್ಯಾಯವೂ ಸಂಹಿತೆಯೂ ಕನ್ನಡಕ್ಕೆ ಹೊಸತಲ್ಲ. ಹೆಸರು ಅರ್ಥವಾಗುವುದೇ ಇಲ್ಲಿ ಮೋಸ. ಹೆಸರು ತಿಳಿದ ಕೂಡಲೇ ಒಳಗಿರುವುದೂ ತಿಳಿಯಿತು ಎಂಬ ಭ್ರಮೆ ಹುಟ್ಟುತ್ತದೆ. ಕೆಲವು ಹೆಸರುಗಳಂತೂ ಯಾವ ಭ್ರಮೆಗೂ ಅವಕಾಶ ಕೊಡುವುದಿಲ್ಲ. 2012ರಲ್ಲಿ ‘ಸಂವಿಧಾನ (118ನೆಯ ತಿದ್ದುಪಡಿ) ವಿಧೇಯಕ’ ಎಂದು ಕೇಳಿದ ಎಷ್ಟು ಮಂದಿ ಕನ್ನಡಿಗರಿಗೆ ಅದು ಬೀದರ್, ಕಲಬುರಗಿ, ರಾಯಚೂರುಗಳ ಹುಡುಗರ ಓದು–ಉದ್ಯೋಗದ ಮೀಸಲಾತಿಯ ಸಂಗತಿಯೆಂದು ಹೊಳೆದೀತು? ವರ್ಷಗಟ್ಟಲೆ ಹೋರಾಡಿ ಪಡೆದ 371(ಜೆ) ವಿಧಿ ಬಂದದ್ದು ಆ ಹೆಸರಿನಲ್ಲಿ. ಅಂಗೀಕಾರವಾದ ಮೇಲೆ ಅದೇ 98ನೆಯ ತಿದ್ದುಪಡಿಯಾಯಿತು. ವಿಧೇಯಕದ ಸಂಖ್ಯೆ ಬೇರೆ, ಕಾಯಿದೆಯ ಸಂಖ್ಯೆ ಬೇರೆ. ಇದಕ್ಕೆ ಹೋಲಿಸಿದರೆ 1973ರ ‘ಮೈಸೂರು ರಾಜ್ಯ (ಹೆಸರು ಬದಲಾವಣೆ) ಕಾಯಿದೆ’ ಎಷ್ಟು ಪ್ರಾಮಾಣಿಕ! ಹೆಸರಿನಲ್ಲಿ ಹೇಳಿದ್ದೇ ಒಳಗೂ ಇತ್ತು. ಆ ವರ್ಷ ನವೆಂಬರ್ 1ರಂದು ನಾವು ಕರ್ನಾಟಕದವರಾದದ್ದು ಈ ಪಾರ್ಲಿಮೆಂಟಿನ ಕಾಯಿದೆಯಿಂದಲೇ ಎಂಬುದನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ನಾವು ಅಷ್ಟಾಗಿ ನೆನೆಯುವುದಿಲ್ಲ.

ಆದರೆ ಹೆಸರಿಗಿಂತ ದೊಡ್ಡ ಕೊರತೆ ಕಾಲದ್ದು. ಪಟ್ಟಿಯಲ್ಲಿ ಬಂದ ವಿಧೇಯಕ ಎಷ್ಟು ದಿನದಿಂದ ನಮ್ಮೆದುರು ಇದೆ, ಯಾವ ಸಮಿತಿಯ ಕೈದಾಟಿ ಬಂದಿದೆ, ಎಷ್ಟು ಹೊತ್ತು ಚರ್ಚೆಯಾಗುವುದು ಎಂಬುದನ್ನು ಆ ಓದು ಹೇಳುವುದಿಲ್ಲ. ಮೂವತ್ತು ವರ್ಷ ಕಾದ ವಿಧೇಯಕವೂ ಮೊನ್ನೆ ಹುಟ್ಟಿದ ವಿಧೇಯಕವೂ ಒಂದೇ ಸಾಲಿನಲ್ಲಿ ಒಂದೇ ದನಿಯಲ್ಲಿ ಬರುತ್ತವೆ. ಕೆಲವೊಮ್ಮೆ ಬರುವುದೇ ಇಲ್ಲ.

ಮಹಿಳಾ ಮೀಸಲಾತಿಯ ಕತೆಯನ್ನೇ ನೋಡಿ. ಅದನ್ನು ಮೊದಲು ಲೋಕಸಭೆಯಲ್ಲಿ ಮಂಡಿಸಿದ್ದು ದೇವೇಗೌಡರ ಸರ್ಕಾರ, 1996ರ ಸೆಪ್ಟೆಂಬರ್ 12ರಂದು. ಗೀತಾ ಮುಖರ್ಜಿಯವರ ಅಧ್ಯಕ್ಷತೆಯ ಜಂಟಿ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ಲೋಕಸಭೆ ವಿಸರ್ಜನೆಯಾಗಿ ವಿಧೇಯಕ ಬಿದ್ದುಹೋಯಿತು. ಮತ್ತೆ ಮಂಡನೆ, ಮತ್ತೆ ಪತನ. 2010ರ ಮಾರ್ಚ್ 9ರಂದು ರಾಜ್ಯಸಭೆ ಅಂಗೀಕರಿಸಿದ ಮೇಲೂ ಲೋಕಸಭೆಯಲ್ಲಿ ಅದು ಮೇಲೇಳಲಿಲ್ಲ. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ವಿಶೇಷ ಅಧಿವೇಶನ ಕರೆದರು. ಅದಕ್ಕೆ ಮುಂಚಿತವಾಗಿ ಹೊರಟ ಕಲಾಪಪಟ್ಟಿಯಲ್ಲಿ ನಾಲ್ಕು ವಿಧೇಯಕಗಳ ಹೆಸರಿತ್ತು: ವಕೀಲರದ್ದು, ಪತ್ರಿಕಾ ನೋಂದಣಿಯದ್ದು, ಅಂಚೆ ಕಚೇರಿಯದ್ದು, ಚುನಾವಣಾ ಆಯುಕ್ತರ ನೇಮಕದ್ದು. ಮಹಿಳಾ ಮೀಸಲಾತಿಯ ಸುಳಿವೇ ಇರಲಿಲ್ಲ. ಹೊಸ ಕಟ್ಟಡದ ಮೊದಲ ಬೈಠಕ್ಕಿನ ದಿನ, ಸೆಪ್ಟೆಂಬರ್ 19ರಂದು, ಪೂರಕ ಪಟ್ಟಿಯೊಂದರಲ್ಲಿ ಅದು ಪ್ರತ್ಯಕ್ಷವಾಯಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ. ಪಟ್ಟಿಯಲ್ಲಿದ್ದ ನಾಲ್ಕರಲ್ಲಿ ಒಂದೂ ಆ ಅಧಿವೇಶನದಲ್ಲಿ ಮುಗಿಯಲಿಲ್ಲ. ಪಟ್ಟಿಯಲ್ಲಿಲ್ಲದ್ದು ಮೂರು ದಿನದಲ್ಲಿ ಮುಗಿಯಿತು. ಇಪ್ಪತ್ತೇಳು ವರ್ಷ ಕಾದ ಸಂಗತಿಗೆ ಆತುರ ಸಲ್ಲದೆಂದು ನಾನು ಹೇಳುತ್ತಿಲ್ಲ. ಅದಕ್ಕಾಗಿ ಕಾದ ಹೆಂಗಸರಲ್ಲಿ ಎಷ್ಟೋ ಮಂದಿ, ಗೀತಾ ಮುಖರ್ಜಿಯವರೂ ಸೇರಿ, ಅದನ್ನು ನೋಡಲು ಉಳಿದಿರಲಿಲ್ಲ. ಆದರೆ ಮೀಸಲಾತಿ ನಡೆಗೆ ಬರುವುದು ಮುಂದಿನ ಜನಗಣತಿ, ಆಮೇಲಿನ ಕ್ಷೇತ್ರ ಪುನರ್ವಿಂಗಡಣೆ ಆದ ಬಳಿಕವೇ ಎಂಬ ಷರತ್ತು ಆ ಪಠ್ಯದೊಳಗಿತ್ತು. ದಕ್ಷಿಣದ ರಾಜ್ಯಗಳಿಗೆ ಕ್ಷೇತ್ರ ಪುನರ್ವಿಂಗಡಣೆ ಎಂದರೆ ಸಣ್ಣ ಮಾತಲ್ಲ. ಆ ಷರತ್ತನ್ನು ಓದಿ, ಅಕ್ಕಪಕ್ಕದವರೊಡನೆ ಮಾತಾಡಿ, ನಮ್ಮ ಸದಸ್ಯರಿಗೆ ಒಂದು ಕಾಗದ ಬರೆಯುವಷ್ಟು ದಿನ ಯಾರಿಗೆ ಸಿಕ್ಕಿತು?

ಇನ್ನೊಂದು ಉದಾಹರಣೆ ಗಾಜಿಯಾಬಾದಿನ ಕಡೆ ಮನೆ ಮಾಡಿಕೊಂಡಿರುವ ನಮ್ಮ ಬಂಧುಗಳಿಗೆ ಚೆನ್ನಾಗಿ ನೆನಪಿದ್ದೀತು. 2020ರ ಸೆಪ್ಟೆಂಬರಿನಲ್ಲಿ ಕೃಷಿ ಕಾನೂನುಗಳು ಎರಡೂ ಸದನಗಳಲ್ಲಿ ಅಂಗೀಕಾರವಾದವು. ಸಮಿತಿಗೆ ಹೋಗಲಿಲ್ಲ, ಆ ಅಧಿವೇಶನದಲ್ಲಿ ಕೋವಿಡ್ ಕಾರಣದಿಂದ ಪ್ರಶ್ನೋತ್ತರ ವೇಳೆಯೂ ಇರಲಿಲ್ಲ, ರಾಜ್ಯಸಭೆಯಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಕೆಲಸ ಮುಗಿಯಿತು. ಸದನದೊಳಗೆ ಕೊಡದ ಕಾಲವನ್ನು ರೈತರು ಸಿಂಘು, ಟಿಕ್ರಿ, ಗಾಜೀಪುರ ಗಡಿಗಳಲ್ಲಿ ಒಂದು ವರ್ಷದ ಮೇಲೆ ಕುಳಿತು ತೆಗೆದುಕೊಂಡರು. ಇಂದಿರಾಪುರದಿಂದ ದಿಲ್ಲಿಗೆ ಆಫೀಸಿಗೆ ಬರುವವರು ದಾರಿ ಸುತ್ತಿ ಬಂದರು. 2021ರ ನವೆಂಬರ್ 29ರಂದು ಅವೇ ಕಾನೂನುಗಳನ್ನು ರದ್ದು ಮಾಡುವ ವಿಧೇಯಕ ಮಂಡನೆಯಾಗಿ ಅದೇ ದಿನ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಕಾನೂನುಗಳು ಒಳ್ಳೆಯವೋ ಕೆಟ್ಟವೋ, ವಾಚಕರಲ್ಲಿ ಎರಡು ಅಭಿಪ್ರಾಯವಿದೆ, ನಮ್ಮ ಮನೆಯಲ್ಲೇ ಎರಡಿದೆ. ಆದರೆ ಮಾಡುವಾಗಲೂ ಮಾತಿಲ್ಲ, ಅಳಿಸುವಾಗಲೂ ಮಾತಿಲ್ಲ ಎಂದರೆ ಆ ವರ್ಷವೆಲ್ಲ ಮಾತು ನಡೆದದ್ದು ರಸ್ತೆಯ ಮೇಲೆ.

ಅಂಕಿಗಳನ್ನು ಕೊಡುತ್ತೇನೆಂದೆ. ಪಿ.ಆರ್.ಎಸ್. ಎಂಬ ದಿಲ್ಲಿಯ ಅಧ್ಯಯನ ಸಂಸ್ಥೆ ಲೆಕ್ಕ ಹಾಕಿರುವಂತೆ 2019–24ರ 17ನೆಯ ಲೋಕಸಭೆ ಐದು ವರ್ಷದಲ್ಲಿ 274 ದಿನ ಕುಳಿತಿತು. ಮೊದಲ ಲೋಕಸಭೆ ಸರಾಸರಿ ವರ್ಷಕ್ಕೆ 135 ದಿನ ಕುಳಿತಿತ್ತು, ಇದು 55. ಹಣಕಾಸಿನ ವಿಧೇಯಕಗಳನ್ನು ಬಿಟ್ಟರೆ ಉಳಿದವುಗಳಲ್ಲಿ ನೂರಕ್ಕೆ 58 ಮಂಡನೆಯಾದ ಎರಡು ವಾರದೊಳಗೆ ಅಂಗೀಕಾರವಾದವು. ನೂರಕ್ಕೆ 35ಕ್ಕೆ ಲೋಕಸಭೆಯಲ್ಲಿ ಒಂದು ಗಂಟೆಯ ಚರ್ಚೆಯೂ ಸಿಗಲಿಲ್ಲ. ಸಮಿತಿಗೆ ಹೋದವು ನೂರಕ್ಕೆ 16. 2009–14ರ ಲೋಕಸಭೆಯಲ್ಲಿ ಅದು 71 ಇತ್ತು. ಈ 71 ಇದ್ದ ಕಾಲವೂ ಸುವರ್ಣಯುಗವೇನಲ್ಲ, ದಿನಗಟ್ಟಲೆ ಸದನ ನಡೆಯದೆ ಮುಂದೂಡಿದ ಕಾಲವದು. ಆಗ ತಡೆದವರು ಈಗ ಆಳುತ್ತಾರೆ, ಆಗ ಆಳಿದವರು ಈಗ ತಡೆಯುತ್ತಾರೆ. ವಿರೋಧ ಪಕ್ಷ ಸದನವನ್ನೇ ನಡೆಸಗೊಡದಿದ್ದರೆ ಪಟ್ಟಿಗೆ ಏನು ಬೆಲೆ ಎಂದು ಸಚಿವರು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ಆದರೆ ಸದನ ಗದ್ದಲದಲ್ಲಿದ್ದಾಗ ಸುಮ್ಮನೆ ಓದು–ಬರಹದ ಕೆಲಸ ನಡೆಯುವ ಜಾಗ ಸಮಿತಿ. ಅಲ್ಲಿ ಕ್ಯಾಮೆರಾ ಇಲ್ಲ, ಹೊರಗಿನವರೂ ಬರೆದು ಕಳಿಸಬಹುದು. ಆ ಬಾಗಿಲು ಮುಚ್ಚಿದ್ದಕ್ಕೆ ಗದ್ದಲ ಕಾರಣವಾಗಲಾರದು.

ಈ ಬರಹದಲ್ಲಿ ನನಗೆ ಮೆಚ್ಚುಗೆಯಾಗುವ ಭಾಗವೂ ಇದೆ, ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಲೋಕಸಭೆಯಲ್ಲಿ ಸಚಿವರ ಓದು ಮುಗಿದ ಮೇಲೆ ಕೆಲವು ಸದಸ್ಯರು ಎದ್ದು, ಮುಂದಿನ ವಾರದ ಪಟ್ಟಿಗೆ ಇಂಥಿಂಥ ವಿಷಯ ಸೇರಿಸಿ ಎಂದು ಕೇಳುವ ಪದ್ಧತಿಯಿದೆ. ಒಬ್ಬರಿಗೆ ತಮ್ಮ ಊರಿನ ರೈಲು ನಿಲುಗಡೆ, ಇನ್ನೊಬ್ಬರಿಗೆ ಮೇಲ್ಸೇತುವೆ, ಮತ್ತೊಬ್ಬರಿಗೆ ತೆಂಗಿನ ಬೆಲೆ. ಹೆಸರುಗಳ ಒಣ ಪಟ್ಟಿಯ ಹಿಂದೆಯೇ ಊರುಗಳ ಹೆಸರು, ನದಿಗಳ ಹೆಸರು, ಬೆಳೆಗಳ ಹೆಸರು ಬರುತ್ತವೆ. ಇವು ಸೇರುವುದಿಲ್ಲವೆಂದು ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಆದರೂ ಕೇಳುತ್ತಾರೆ. ದೇವರ ಮುಂದೆ ಹರಕೆ ಹೇಳಿಕೊಂಡಂತೆ.

ಅದೇ ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರ ಕೆಲಸಕ್ಕೆ ಎರಡೂವರೆ ಗಂಟೆ ಮೀಸಲು. ಸಚಿವರಲ್ಲದ ಯಾರೂ ವಿಧೇಯಕ ತರಬಹುದು. ಸ್ವಾತಂತ್ರ್ಯ ಬಂದ ಮೇಲೆ ಇಂಥವು ಕಾಯಿದೆಯಾದದ್ದು 14, ಕೊನೆಯದು 1970ರಲ್ಲಿ. ಸದನದ ಮಾತನ್ನು ಪತ್ರಿಕೆಗಳು ನಿರ್ಭಯವಾಗಿ ವರದಿ ಮಾಡಲು ರಕ್ಷಣೆ ಕೊಟ್ಟ 1956ರ ಕಾಯಿದೆ ಫಿರೋಜ್ ಗಾಂಧಿಯವರ ಇಂಥದೊಂದು ವಿಧೇಯಕದಿಂದ ಬಂದದ್ದು. ತುರ್ತುಪರಿಸ್ಥಿತಿಯಲ್ಲಿ ಅವರ ಪತ್ನಿಯ ಸರ್ಕಾರವೇ ಅದನ್ನು ರದ್ದು ಮಾಡಿತು. 1977ರಲ್ಲಿ ಮತ್ತೆ ಬಂತು. ಈಗ ಶುಕ್ರವಾರ ಮಧ್ಯಾಹ್ನವೆಂದರೆ ಸದಸ್ಯರು ಊರಿಗೆ ವಿಮಾನ ಹಿಡಿಯುವ ಹೊತ್ತು.

ಇನ್ನು ಭಾಷೆಯ ಮಾತು. 1967ರಲ್ಲಿ ಶಿವಮೊಗ್ಗದಿಂದ ಆರಿಸಿ ಬಂದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು; ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವ ರೆಡ್ಡಿ. ಸಂವಿಧಾನದ 120ನೆಯ ವಿಧಿ ಹಿಂದಿ, ಇಂಗ್ಲಿಷ್ ಬಾರದವರಿಗೆ ತಾಯ್ನುಡಿಯಲ್ಲಿ ಮಾತಾಡಲು ಅಧ್ಯಕ್ಷರು ಅನುಮತಿ ಕೊಡಬಹುದೆನ್ನುತ್ತದೆ. ಪಟೇಲರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಅವರು ಹಕ್ಕಿಗಾಗಿ ಮಾತಾಡಿದರು. ಇಂದು ತತ್‌ಕ್ಷಣದ ಭಾಷಾಂತರದ ವ್ಯವಸ್ಥೆ ಬೆಳೆದಿದೆ, 2025ರ ಫೆಬ್ರವರಿಯಲ್ಲಿ ಲೋಕಸಭೆ ಇನ್ನೂ ಆರು ಭಾಷೆಗಳನ್ನು ಸೇರಿಸಿತು. ಕನ್ನಡ ಅದಕ್ಕೆ ಮೊದಲೇ ಇತ್ತು. ಮಾತಿಗೆ ಕನ್ನಡ ಸಿಕ್ಕಿತು. ಬರಹಕ್ಕೆ? ಕೇಂದ್ರದ ಕಾಯಿದೆಗಳನ್ನು ಪ್ರಾದೇಶಿಕ ಭಾಷೆಗಳಲ್ಲಿ ಅಧಿಕೃತವಾಗಿ ಅನುವಾದಿಸಿ ಪ್ರಕಟಿಸಲು 1973ರಲ್ಲೇ ಒಂದು ಕಾಯಿದೆಯಾಗಿದೆ. ಅಂದರೆ ಆಗಿಹೋದ ಮೇಲಿನ ಕಾಯಿದೆಗೆ ಕನ್ನಡ. ಆಗಬೇಕಾದ ವಿಧೇಯಕ ಸದನಕ್ಕೆ ಬರುವುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಕಳಿಸಿದಂತೆ ಇದು.

2014ರಲ್ಲಿ ಕೇಂದ್ರ ಸರ್ಕಾರ ತನಗೆ ತಾನೇ ಒಂದು ನಿಯಮ ಮಾಡಿಕೊಂಡಿತು: ಯಾವ ಹೊಸ ಶಾಸನದ ಕರಡನ್ನೂ ಕನಿಷ್ಠ 30 ದಿನ ಜನರ ಮುಂದೆ ಇಡಬೇಕು, ಸರಳ ಭಾಷೆಯಲ್ಲಿ ವಿವರಣೆ ಕೊಡಬೇಕು. ಅದು ನೀತಿ, ಕಾನೂನಲ್ಲ, ಪಾಲಿಸದಿದ್ದರೆ ಕೇಳುವವರಿಲ್ಲ. ಭಾಷೆಯ ಪ್ರಶ್ನೆ ಕೋರ್ಟಿನಲ್ಲಿ ಬಂದದ್ದು ವಿಧೇಯಕದ ಮೇಲಲ್ಲ, ಕಾಯಿದೆಯೊಂದರ ಅಡಿಯಲ್ಲಿ ಹೊರಡಿಸುವ ಅಧಿಸೂಚನೆಯ ಮೇಲೆ. 2020ರ ಪರಿಸರ ಪರಿಣಾಮ ಅಂದಾಜಿನ ಕರಡು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಬಂದಾಗ ದಿಲ್ಲಿ ಹೈಕೋರ್ಟು ಜೂನ್ 30ರಂದು, ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಲ್ಲೂ ಅನುವಾದಿಸಿ ಪ್ರಕಟಿಸಿ ಎಂದಿತು. ಆ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಗಣಿಗೋ ಅಣೆಕಟ್ಟಿಗೋ ಜಮೀನು ಬಿಡಬೇಕಾದವನು ಆ ಕರಡನ್ನು ತನ್ನ ನುಡಿಯಲ್ಲಿ ಓದಬೇಕೆಂಬುದು ನ್ಯಾಯಾಧೀಶರಿಗೆ ಸಹಜವಾಗಿ ಕಂಡಿತು. ಕರಡು ಅಧಿಸೂಚನೆಗೆ ಒಪ್ಪುವ ಈ ಮಾತು ಕರಡು ಶಾಸನಕ್ಕೆ ಏಕೆ ಒಪ್ಪಬಾರದು?

ದೂರು ಸಾಕು, ನಮ್ಮ ಕೈಯಲ್ಲಿ ಆಗುವಂಥದ್ದೂ ಇದೆ. ಈ ಊರಿನ ಕನ್ನಡಿಗರಲ್ಲಿ ಸಚಿವಾಲಯಗಳಲ್ಲಿ ಜೀವಮಾನವೆಲ್ಲ ಕಡತ ಓದಿ ನಿವೃತ್ತರಾದವರು ಬೇಕಾದಷ್ಟಿದ್ದಾರೆ. ಸಂಸತ್ತಿನ ಕಲಾಪಪಟ್ಟಿ, ವಿಧೇಯಕ, ಅದರ ಕೊನೆಗೆ ಲಗತ್ತಿಸುವ ‘ಉದ್ದೇಶ ಮತ್ತು ಕಾರಣಗಳ ಹೇಳಿಕೆ’ ಎಲ್ಲವೂ ಈಗ ಅಂತರ್ಜಾಲದಲ್ಲಿ ಸಿಗುತ್ತವೆ, ಸಂಸದ್ ಟಿ.ವಿ.ಯಲ್ಲಿ ಓದೂ ಕೇಳುತ್ತದೆ. ಅಧಿವೇಶನದ ತಿಂಗಳುಗಳಲ್ಲಿ ಎರಡು ಮೂರು ವಿಧೇಯಕಗಳನ್ನು ಆರಿಸಿ, ಅವುಗಳ ಒಳಗೇನಿದೆಯೆಂದು ನಮ್ಮ ಪತ್ರಿಕೆಯ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆಯುವುದು ಅಸಾಧ್ಯವಲ್ಲ. ಹೇಳಿಕೆಯನ್ನು ನಂಬದೆ ಕಲಮುಗಳನ್ನೇ ಓದಬೇಕು, ಅಷ್ಟೆ. ಹೇಳಿಕೆ ಎಂಬುದು ಪುಸ್ತಕದ ಬೆನ್ನುಡಿಯ ಹಾಗೆ, ಲೇಖಕನ ಸ್ನೇಹಿತರು ಬರೆದದ್ದು.

ಕಲಮುಗಳನ್ನೇ ಓದಬೇಕೆಂದು ನಾನು ಕಲಿತದ್ದು ಬಾಡಿಗೆದಾರನಾಗಿ. 1995ರಲ್ಲಿ ದಿಲ್ಲಿ ಬಾಡಿಗೆ ವಿಧೇಯಕ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ಆಗಸ್ಟ್ 23ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ನಾನು ಆಗ ಎರಡನೆಯ ಮಹಡಿಯ ಮೇಲಿನ ಒಂದು ಬರಸಾತಿಯಲ್ಲಿದ್ದೆ. ಕೆಳಗಿದ್ದ ಮಾಲೀಕರು ಪಂಜಾಬಿನಿಂದ ದೇಶವಿಭಜನೆಯಲ್ಲಿ ಬಂದವರು, ವಿಧವೆ. ಬಾಡಿಗೆಯೇ ಅವರ ಆದಾಯ. ಹೊಸ ಕಾಯಿದೆ ಬಂದರೆ ಬಾಡಿಗೆ ಏರಿಸಬಹುದೆಂದು ಅವರಿಗೆ ಆಸೆ, ಏರೀತೆಂದು ನನಗೆ ದಿಗಿಲು. ಹಳೆ ಬಾಡಿಗೆಯ ಅಂಗಡಿಗಳ ವ್ಯಾಪಾರಿಗಳು ಪ್ರತಿಭಟನೆಗಿಳಿದರು. ನಾವಿಬ್ಬರೂ ಪ್ರತಿ ತಿಂಗಳು ಒಂದನೆಯ ತಾರೀಖು ಮೆಟ್ಟಿಲ ಮೇಲೆ ನಿಂತು, “ಆಯಿತೇ ಬೇಟಾ?” “ಇನ್ನೂ ಇಲ್ಲ ಮಾತಾಜಿ” ಎಂದುಕೊಳ್ಳುತ್ತಿದ್ದೆವು. ಕಾಯಿದೆಯ ಮೊದಲನೆಯ ಕಲಮಿನಲ್ಲೇ, ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಪಡಿಸುವ ದಿನದಿಂದ ಇದು ಜಾರಿಗೆ ಬರತಕ್ಕದ್ದು ಎಂದಿತ್ತು. ಆ ದಿನವನ್ನು ಸರ್ಕಾರ ಗೊತ್ತುಪಡಿಸಲಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದಿನ ಗೊತ್ತುಪಡಿಸಿ ಎಂದು ಸರ್ಕಾರಕ್ಕೆ ಆಜ್ಞೆ ಮಾಡಲು ಅದು ಒಪ್ಪಲಿಲ್ಲ. ನಡೆಯುತ್ತಿರುವುದು 1958ರ ಹಳೆಯ ಕಾಯಿದೆಯೇ, ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯನ್ನು ಹೊರಗಿಟ್ಟ 1988ರ ತಿದ್ದುಪಡಿಯೊಡನೆ. ಮುಂದೆ ನಾನು ಮನೆ ಬದಲಾಯಿಸಿದೆ, ಮಾತಾಜಿ ತೀರಿಕೊಂಡರು, ಆ ಮನೆ ಕೆಡವಿ ನಾಲ್ಕು ಮಹಡಿಯ ಫ್ಲ್ಯಾಟುಗಳಾದವು. ಮೊನ್ನೆ ಆ ಬೀದಿಯಲ್ಲಿ ಹಾದುಹೋಗುವಾಗ ಕೆಳಗಿನ ಗೇಟಿನಲ್ಲಿ ‘ಬಾಡಿಗೆಗಿದೆ’ ಎಂಬ ಹಲಗೆ ತೂಗುತ್ತಿತ್ತು.